ಸ್ವಿಚ್ಚಿಗೆ ಕಟ್ಟಿದ ರುಮಾಲು

ಕಾಗವಾಡ
೧೪ ಆಗಸ್ಟ್ ೧೯೮೭

ಸೌಭಾಗ್ಯವತಿ ತಾರವ್ವ ಅಕ್ಕನಿಗೆ ತಮ್ಮ ಭೀಮಸಿಯ ನಮಸ್ಕಾರ.

ನಾನೂ ನಿನ್ನ ಗಂಡ ಜಕ್ಕಪ್ಪ ಮಾವನೂ ಗಟ್ಟಿಮುಟ್ಟಾಗಿದ್ದೇವೆ. ಪಾಲಬಾವಿಯಲ್ಲಿ ನೀನೂ ನಿನ್ನ ಕುರಿಗಳೂ ಹಾಗೆಯೇ ಇದ್ದೀರೆಂದು ತಿಳಿದಿದ್ದೇನೆ. ಕಾಗದ ತಡವಾಯಿತೆಂದು ಬೈಯಬೇಡ. ಮಾವನಿಗೆ ಬರೆಯಲು ಬರುವುದಿಲ್ಲ, ನನಗೆ ಪುರುಸೊತ್ತಿಲ್ಲ.

ಗುತ್ತಿಗೆದಾರ ರಾವಸಾಹೇಬರು ನನ್ನನ್ನು ಹದಿನಾಲ್ಕು ಮಂದಿಯ ಟೋಳಿಗೆ ಮುಕಾದಮನನ್ನಾಗಿ ಮಾಡಿದ್ದಾರೆ. ಎಸ್ಸೆಸ್ಸೆಲ್ಸಿ ನಪಾಸಾದವನೆಂದು ಆಡಿಕೊಳ್ಳುತ್ತಿದ್ದೆಯಲ್ಲ, ಈಗ ನನ್ನ ಒಂದು ಸೀಟಿಗೆ ಹದಿನಾಲ್ಕು ಮಂದಿ ಎದ್ದು ನಿಲ್ಲುತ್ತಾರೆ. ದ್ರಾಕ್ಷಿ ತೋಟಗಳ ಪಂಪುಗಳಿಗೆ ಕರೆಂಟಿನ ಹೊಸ ಲೈನು ಎಳೆದು, ಅದನ್ನು ಹಳೆಯ ಲೈನಿಗೆ ಜೋಡಿಸುವುದು ನಮ್ಮ ಕೆಲಸ. ಗುಂಡಿ ತೋಡಿ ಕಂಬ ಎತ್ತುವುದು ಮಾಳಸಿದ್ದನಂಥ ತೋಳಿನ ಬಲದವರದು. ಕಂಬದ ತುದಿಯ ಕೆಲಸವೆಲ್ಲ ಮಾವನದು. ಇಪ್ಪತ್ತು ವರ್ಷ ಕುರಿಯ ಹಿಂದೆ ನೆಲ ನೋಡಿಕೊಂಡು ನಡೆದವನು ಈಗ ಕೆಳಗೆ ನೋಡುವುದೇ ಇಲ್ಲ.

ಒಂದು ಮೋಜು ಹೇಳುತ್ತೇನೆ. ಹಳೆಯ ಲೈನಿನಲ್ಲಿ ಕೈ ಹಾಕುವಾಗ ಕರೆಂಟು ಬಂದ್ ಇರಬೇಕು. ಅದಕ್ಕಾಗಿ ಲೈನಿನ ಮೊದಲ ಕಂಬದ ಬುಡದಲ್ಲಿ ಒಂದು ಕಬ್ಬಿಣದ ಹಿಡಿ ಇದೆ. ಕೆಳಗೆ ಎಳೆದರೆ ಬಂದ್, ಮೇಲೆ ತಳ್ಳಿದರೆ ಚಾಲೂ. ಕಾಯಿದೆಯ ಪ್ರಕಾರ ಆ ಹಿಡಿಗೆ ಬೀಗ ಜಡಿದು, ಕೀಲಿಯನ್ನು ಕಂಬ ಹತ್ತುವವನು ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು. ನಮ್ಮ ಹತ್ತಿರ ಬೀಗ ಎಲ್ಲಿದೆ? ಮಾವ ಮೊದಲ ದಿನವೇ ತನ್ನ ಕೆಂಪು ರುಮಾಲನ್ನು ಬಿಚ್ಚಿ ಆ ಹಿಡಿಗೆ ಸುತ್ತಿ ಗಂಟು ಹಾಕಿದ. "ಮಂದಿ ರುಮಾಲಿಗೆ ಯಾವಾಂವ ಕೈ ಹಚ್ಚತಾನ ನೋಡೂಣು" ಎಂದವನೇ ಬರಿದಲೆಯಲ್ಲೇ ಕಂಬ ಹತ್ತಿದ. ಅವತ್ತಿನಿಂದ ಅದೇ ನಮ್ಮ ಬೀಗ. ಹಿಡಿಯ ಮೇಲೆ ರುಮಾಲಿದ್ದರೆ ಮೇಲೆ ಮನುಷ್ಯನಿದ್ದಾನೆ. ಇಳಿದು ಬಂದು ಅವನೇ ಬಿಚ್ಚಿ ತಲೆಗೆ ಸುತ್ತಿಕೊಳ್ಳಬೇಕು, ಆಮೇಲೆಯೇ ಕರೆಂಟು.

ಹೋದ ತಿಂಗಳು ಉಗಾರದ ಕಡೆಯ ಟ್ರ್ಯಾಕ್ಟರಿನವನೊಬ್ಬ ಅವಸರ ಮಾಡಿ ಗಂಟಿಗೆ ಕೈ ಹಾಕಿದ್ದ. ಮಾಳಸಿದ್ದ ಸಲಿಕೆಯ ಕಾವಿನಿಂದ ಅವನ ಬಾಯಿಗೇ ಬಾರಿಸಿದ. ಎರಡು ಹಲ್ಲು ಮಣ್ಣಿಗೆ ಬಿದ್ದವು, ಅವನ್ನು ಹೆಕ್ಕಿಕೊಂಡು ಹೋಗೆಂದು ನಾನೂ ನಕ್ಕೆ. ಈಗ ರುಮಾಲು ಕಂಡರೆ ಜನ ದೂರದಿಂದಲೇ ಸುತ್ತಿ ಹೋಗುತ್ತಾರೆ. ಬಾಬಾಸಾಹೇಬರ ದ್ರಾಕ್ಷಿ ತೋಟದಲ್ಲಿ ಪಂಪು ನೋಡುವ ಕಾಡಸಿದ್ದನಂತೂ ಕಂಬದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ರುಮಾಲ ಯಾವಾಗ ಇಳೀತೈತ್ರಿ ಮುಕಾದಮರ?" ಎಂದು ತಾಸಿಗೊಮ್ಮೆ ಕೇಳುತ್ತಾನೆ. ಪಾಪದ ಪ್ರಾಣಿ. ದಿನಕ್ಕೆ ಆರು ತಾಸು ಕರೆಂಟು, ಅದರಲ್ಲೇ ಅವನು ಬಳ್ಳಿಗಳಿಗೆಲ್ಲ ನೀರು ಕುಡಿಸಬೇಕು.

ಕುರಿ ಕತ್ತರಿಸಿದ ಉಣ್ಣೆಯನ್ನು ಅಗ್ಗಕ್ಕೆ ಕೊಡಬೇಡ ಎಂದು ಮಾವ ಹೇಳಿದ್ದಾನೆ.

ನಿನ್ನ
ಭೀಮಸಿ


ಪಾಲಬಾವಿ
೩೦ ಆಗಸ್ಟ್ ೧೯೮೭

ಮುಕಾದಮ ಸಾಹೇಬರಾದ ಚಿರಂಜೀವಿ ಭೀಮಸಿಗೆ ಅಕ್ಕನ ಆಶೀರ್ವಾದ.

ಸೀಟಿ ಊದುವುದನ್ನು ಕುರಿ ಕಾಯುವಾಗಲೇ ಕಲಿತಿದ್ದೆ, ಅದಕ್ಕೆ ರಾವಸಾಹೇಬರು ಸಂಬಳ ಕೊಡುತ್ತಾರೆಂದರೆ ಸಂತೋಷ. ಆದರೆ ನಿನ್ನ ಮೋಜಿನ ಕಥೆ ನನಗೆ ಮೋಜೆನಿಸಲಿಲ್ಲ. ಅತ್ತೆಗೆ ಓದಿ ಹೇಳುವಾಗ ಆ ಭಾಗವನ್ನು ಬಿಟ್ಟೆ. ಬೀಗವಿರಬೇಕಾದ ಕಡೆ ಬಟ್ಟೆ ಕಟ್ಟಿ, ಅದಕ್ಕೆ ಕೈ ಹಚ್ಚಿದವನ ಹಲ್ಲು ಉದುರಿಸಿ ಎಷ್ಟು ದಿನ ಕೆಲಸ ಮಾಡುತ್ತೀರಿ? ನಿಮ್ಮ ಹೊಡೆತ ಗೊತ್ತಿಲ್ಲದ ಹೊಸಬನೊಬ್ಬ ಬಂದರೆ? ರಾವಸಾಹೇಬರನ್ನು ಬೀಗ ಕೇಳು. ಕೊಡದಿದ್ದರೆ ನಾನು ಕೊಂಡು ರಾಯಬಾಗದಿಂದ ಗಾಡಿಗೆ ಹಾಕಿ ಕಳಿಸುತ್ತೇನೆ.

ಆ ರುಮಾಲು ನಮ್ಮ ಮದುವೆಯಲ್ಲಿ ಅಪ್ಪ ತನ್ನ ಕೈಯಾರೆ ಅವರ ತಲೆಗೆ ಸುತ್ತಿದ್ದು. ಮಲಗುವಾಗ ತಲೆದಿಂಬಿನ ಕೆಳಗಿಟ್ಟುಕೊಳ್ಳುವ ಮನುಷ್ಯ ಅವರು, ಅದನ್ನು ಜಂಗು ಹಿಡಿದ ಕಬ್ಬಿಣಕ್ಕೆ ಕಟ್ಟುತ್ತಾರೆಂದರೆ ತಮ್ಮ ಜೀವಕ್ಕೆ ಅಷ್ಟು ಹೆದರಿದ್ದಾರೆ ಎಂದು ಅರ್ಥ. ನಿನ್ನ ಮುಂದೆ ನಗುತ್ತಾರೆ, ನನಗೆ ಗೊತ್ತು ಅವರು. ಅವರನ್ನು ನೋಡಿಕೋ. ನಿನ್ನನ್ನು ನಂಬಿ ಕಳಿಸಿದ್ದೇನೆ.

ಉಣ್ಣೆ ಇನ್ನೂ ಮಾರಿಲ್ಲ. ದೀಪಾವಳಿಗೆ ಇಬ್ಬರೂ ಬರಬೇಕು.

ತಾರವ್ವ


ಕಾಗವಾಡ
೨ ನವೆಂಬರ್ ೧೯೮೭

ತಾರವ್ವ ಅಕ್ಕನಿಗೆ.

ಮಣ್ಣು ಮಾಡಿದ ಮೂರನೇ ದಿನವೇ ಹೇಳದೆ ಎದ್ದು ಬಂದೆ. ನೀನು ಬಾಗಿಲಲ್ಲಿ ಕೂತು ನನ್ನ ಮುಖ ನೋಡುತ್ತಿದ್ದೆ, ಏನೂ ಕೇಳಲಿಲ್ಲ. ಈಗ ಬರೆಯುತ್ತೇನೆ. ಗಂಡ ಹೇಗೆ ಹೋದನೆಂದು ನಿನಗೆ ಗೊತ್ತಿರಬೇಕು.

ಅಕ್ಟೋಬರ್ ಹದಿನಾರು, ಶುಕ್ರವಾರ, ಹನ್ನೊಂದು ಗಂಟೆ. ಮಾವ ಹಿಡಿ ಇಳಿಸಿ ರುಮಾಲು ಕಟ್ಟಿ, ನಾಲ್ಕನೇ ಕಂಬ ಹತ್ತಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ. ನಾನು ಶೆಡ್ಡಿನ ಕಡೆ ಹೋಗಿದ್ದೆ. ಕಾಡಸಿದ್ದ ಬಂದು ರುಮಾಲು ಬಿಚ್ಚಿ ಕೆಸರಿಗೆ ಎಸೆದು ಹಿಡಿಯನ್ನು ಮೇಲೆ ತಳ್ಳಿದ. ದ್ರಾಕ್ಷಿಗೆ ಆಗತಾನೇ ಚಾಟಣಿ ಮಾಡಿದ್ದರು, ಕಡ್ಡಿ ಕತ್ತರಿಸಿದ ಮೇಲೆ ನೀರು ತಡವಾಗಬಾರದೆಂದು ಅವನಿಗೆ ಅವಸರ. ಬೇರೆ ಏನಿಲ್ಲ, ನೀರಿನ ಅವಸರ.

ಗೋಣಿಚೀಲ ಹರಿದಂಥ ಸದ್ದಾಯಿತು. ಓಡಿ ಬಂದೆ. ಮಾವ ಹಗ್ಗದಲ್ಲಿ ಹಿಂದಕ್ಕೆ ವಾಲಿ ಜೋತುಬಿದ್ದಿದ್ದ. ಅಂಗೈಗಳು ತಂತಿಗೇ ಅಂಟಿ ಹೊಗೆಯಾಡುತ್ತಿದ್ದವು. ಮಾಳಸಿದ್ದ ಹತ್ತಲು ಹೋದ, ನಾನೇ ಅವನ ಕಾಲು ಹಿಡಿದು ಜಗ್ಗಿ ಕೆಡವಿದೆ, ಇಲ್ಲದಿದ್ದರೆ ಇಬ್ಬರಾಗುತ್ತಿದ್ದರು. ಹಿಡಿಯ ತನಕ ಓಡಿ ಹೋಗಿ ಇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಕೈಗಳನ್ನು ನಿನಗೆ ಯಾಕೆ ತೋರಿಸಲಿಲ್ಲ, ಧೋತರದಲ್ಲಿ ಯಾಕೆ ಸುತ್ತಿ ತಂದೆವು ಎಂದು ಈಗ ತಿಳಿದಿರಬೇಕು.

ರಾವಸಾಹೇಬರ ಹಾಜರಿ ಪುಸ್ತಕದಲ್ಲಿ ಮಾವನ ಹೆಸರಿಲ್ಲ. ಹಳೆಯ ಕೆಲಸದ ಹೆಸರುಗಳನ್ನೇ ಇಳಿಸಿಕೊಂಡಿದ್ದಾರೆ, ಮಾವ ಇಷ್ಟು ದಿನ ಹೆಬ್ಬೆಟ್ಟು ಒತ್ತಿದ್ದು ಜಿನ್ನಪ್ಪ ಎಂಬ ಯಾವನೋ ಒಬ್ಬನ ಹೆಸರಿನ ಮುಂದೆ. ಆದರೆ ಹೆದರಬೇಡ. ನಾವೆಲ್ಲ ಕಾಡಸಿದ್ದನ ತಪ್ಪೆಂದು ಒಂದೇ ಬಾಯಿಯಲ್ಲಿ ಹೇಳಿದರೆ, ಮಾವನ ಹೆಸರನ್ನು ಹಿಂದಿನ ತಾರೀಖಿನಿಂದ ಸೇರಿಸಿ ನಿನಗೆ ಸಿಗಬೇಕಾದ ಪರಿಹಾರ ಕೊಡಿಸುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ. ಪೊಲೀಸರು ಕಾಡಸಿದ್ದನ ಮೇಲೆ ಕೇಸು ಹಾಕಿ ಜಾಮೀನಿನ ಮೇಲೆ ಬಿಟ್ಟಿದ್ದಾರೆ. ತೋಟದಲ್ಲೇ ಇದ್ದಾನೆ, ತಲೆ ತಗ್ಗಿಸಿಕೊಂಡು ತಿರುಗುತ್ತಾನೆ.

ಭೀಮಸಿ


ಪಾಲಬಾವಿ
೯ ನವೆಂಬರ್ ೧೯೮೭

ಭೀಮಸಿ,

ನನ್ನ ಹೆಸರಿನ ಹಿಂದೆ ಏನು ಬರೆಯಬೇಕೆಂದು ತಿಳಿಯದೆ ಬರೇ ಹೆಸರು ಬರೆದಿದ್ದೀಯ. ಆ ಖಾಲಿ ಜಾಗವನ್ನು ನೋಡಿಕೊಂಡು ಒಂದು ದಿನವೆಲ್ಲ ಕೂತಿದ್ದೆ.

ತೋಟದಲ್ಲೇ ತಿರುಗುತ್ತಾನೆಯೇ? ಯಾವ ಕೈಯಿಂದ ಬಿಚ್ಚಿದ? ನನ್ನ ಗಂಡನ ಎರಡು ಕೈ ಸುಟ್ಟವು, ಅವನು ಎರಡು ಕೈಯಿಂದ ಉಣ್ಣುತ್ತಿದ್ದಾನೆ. ಟ್ರ್ಯಾಕ್ಟರಿನವನು ಗಂಟನ್ನು ಮುಟ್ಟಿದ್ದಕ್ಕೇ ಹಲ್ಲು ಉದುರಿಸಿದಿರಲ್ಲ, ಬಿಚ್ಚಿ ಕೆಸರಿಗೆ ಎಸೆದವನಿಗೆ ಏನೂ ಇಲ್ಲವೇ? ಹದಿನಾಲ್ಕು ಮಂದಿ ಬಳೆ ತೊಟ್ಟುಕೊಂಡಿದ್ದೀರೇನು? ನನ್ನವು ಒಡೆದಿದ್ದಾರೆ, ಬೇಕಾದರೆ ಚೂರು ಕಳಿಸುತ್ತೇನೆ.

ಆ ಬಿಚ್ಚಿದ ಕೈಯನ್ನು ಮುರಿಯಿರಿ. ಅವನು ಇನ್ನು ಮೇಲೆ ಏನನ್ನೂ ಬಿಚ್ಚಬಾರದು, ಕಟ್ಟಲೂಬಾರದು. ನೀನು ನನ್ನ ಒಡಹುಟ್ಟಿದವನೇ ಆಗಿದ್ದರೆ ಇದನ್ನು ಮಾಡಿ ಕಾಗದ ಬರೆ. ಮಾಡದಿದ್ದರೆ ಬರೆಯಬೇಡ.

ತಾರವ್ವ


ಕಾಗವಾಡ
೨೧ ನವೆಂಬರ್ ೧೯೮೭

ಅಕ್ಕಾ,

ನೀನು ಹೇಳಿದ್ದು ಆಯಿತು.

ನಿನ್ನ ಕಾಗದವನ್ನು ಟೋಳಿಯವರ ಮುಂದೆ ಓದಿದೆ. ಮಾಳಸಿದ್ದ ಅತ್ತುಬಿಟ್ಟ. ಮರುದಿನ ಮಧ್ಯಾಹ್ನ ಐದು ಮಂದಿ ತೋಟಕ್ಕೆ ನುಗ್ಗಿದೆವು. ಕಾಡಸಿದ್ದ ಪಂಪಿನ ಮನೆಯ ಮುಂದೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದ. ಓಡಲಿಲ್ಲ. "ಮುಕಾದಮರ, ನೀವs ಹೇಳ್ರಿ ಇವರಿಗೆ, ನಿಮಗ ಗೊತ್ತೈತಲ್ರಿ" ಎಂದು ನನ್ನನ್ನೇ ನೋಡಿದ. ನಾನು ಅವನ ಬಾಯಿಗೆ ಒದ್ದೆ. ಮಾತಾಡಬಾರದೆಂದು ಒದ್ದೆ. ಮಾಳಸಿದ್ದ ಅವನ ಬಲಗೈಯನ್ನು ಪಂಪಿನ ಕಟ್ಟೆಯ ಮೇಲೆ ಚಾಚಿ ಮೊಣಕಾಲಿನಲ್ಲಿ ಅದುಮಿ ಹಿಡಿದ. ಹಾರೆ ನನ್ನ ಕೈಯಲ್ಲಿತ್ತು. ಮೂರು ಏಟು ಹಾಕಿದೆ. ಮೊದಲನೆಯದಕ್ಕೆ ಕೂಗಿದ, ಎರಡನೆಯದಕ್ಕೆ ಹೇತುಕೊಂಡ, ಮೂರನೆಯದು ಅವನಿಗೆ ತಿಳಿಯಲಿಲ್ಲ. ಕಟ್ಟೆಯ ಮೇಲೆ ಉಳಿದದ್ದು ಕೈಯ ಹಾಗಿರಲಿಲ್ಲ.

ಅವನ ಹೆಂಡತಿ ಕಾಳವ್ವ ಬಳ್ಳಿಯ ಸಾಲಿನಿಂದ ಓಡಿ ಬಂದಳು. ಸೆರಗು ಹರಿದು ಕೈಗೆ ಸುತ್ತಿದಳು. ಮಿರಜದ ದವಾಖಾನೆಯಲ್ಲಿ ಮಣಿಕಟ್ಟಿನಿಂದ ಮೇಲೆ ಕತ್ತರಿಸಿದರಂತೆ. ಯಂತ್ರಕ್ಕೆ ಸಿಕ್ಕಿತೆಂದು ಬಾಬಾಸಾಹೇಬರು ಬರೆಸಿದ್ದಾರೆ, ಅವರಿಗೆ ಪೊಲೀಸರು ಮತ್ತೆ ತೋಟಕ್ಕೆ ಬರುವುದು ಬೇಡ.

ನಿನ್ನ ಮನಸ್ಸಿಗೆ ಸಮಾಧಾನವಾಯಿತೇ? ಆಗಿದ್ದರೆ ಬರೆ. ನನಗೆ ಅನ್ನ ಸೇರುತ್ತಿಲ್ಲ.

ಮಾವನ ಸಾಮಾನು ಗಂಟು ಕಟ್ಟಿ ರಾಯಬಾಗದವನೊಬ್ಬನ ಕೈಯಲ್ಲಿ ಕಳಿಸಿದ್ದೇನೆ. ಎರಡು ಅಂಗಿ, ಕಂಬಳಿ, ಎಲೆ ಅಡಿಕೆಯ ಚೀಲ, ರುಮಾಲು.

ಭೀಮಸಿ


ಪಾಲಬಾವಿ
೧೮ ಫೆಬ್ರವರಿ ೧೯೮೮

ಭೀಮಸಿಗೆ,

ಗಂಟು ಬಂದು ಮೂರು ತಿಂಗಳಾಯಿತು, ಬಿಚ್ಚಿರಲಿಲ್ಲ. ಧೈರ್ಯ ಸಾಲಲಿಲ್ಲ. ಹೋದ ವಾರ ಬಿಚ್ಚಿದೆ. ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಅಳಬೇಕೆಂದು ತೆಗೆದವಳು ಅಳು ಬಿಟ್ಟು ಅದನ್ನೇ ನೋಡುತ್ತ ಕೂತೆ. ಕೆಸರಿನ ಒಂದು ಕಲೆಯೂ ಇಲ್ಲ. ಒಗೆದಿರಬಹುದು ಅಂದುಕೊಂಡೆ. ಒಗೆದಿಲ್ಲ. ಅವರ ತಲೆಯೆಣ್ಣೆಯ ವಾಸನೆ, ತಂಬಾಕಿನ ವಾಸನೆ ಹಾಗೆಯೇ ಇದೆ. ಮತ್ತೆ ಅದನ್ನು ಎಂಟು ಮಡಿಕೆ ಮಾಡಿ ತುದಿಯನ್ನು ಒಳಕ್ಕೆ ಸಿಕ್ಕಿಸಿದ್ದಾರೆ. ಹಾಗೆ ಮಡಚುತ್ತಿದ್ದವನು ನಮ್ಮಪ್ಪ. ಅಪ್ಪನಿಂದ ಕಲಿತವನು ನೀನು. ನನ್ನ ಗಂಡ ಜೀವಮಾನದಲ್ಲಿ ಒಂದು ಬಟ್ಟೆ ಮಡಚಿದವರಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ದಿನ ತಿರುಗಿದೆ. ಮೂರನೇ ದಿನ ಒಬ್ಬ ಹೆಣ್ಣುಮಗಳು ಬಂದಳು. ಶೇಡಬಾಳದಲ್ಲಿ ರೈಲು ಹತ್ತಿ, ರಾಯಬಾಗದಲ್ಲಿ ಇಳಿದು, ಕೇಳಿಕೊಂಡು ಬಂದಿದ್ದಳು. ಕಾಳವ್ವ. ನಾನು ಒಳಗೆ ಕರೆಯಲಿಲ್ಲ. ಹೊರಗೆ ನಿಂತೇ ಮಾತಾಡಿದಳು. ಅವಳ ಮಾತನ್ನು ಅವಳು ಆಡಿದಂತೆಯೇ ಬರೆಯುತ್ತೇನೆ.

"ಯವ್ವಾ, ನಾ ಜಗಳಾಡಾಕ ಬಂದಿಲ್ಲ. ಎಂಟ ತಿಂಗಳ ನನ್ನ ಗಂಡ ನಿಮ್ಮವರ ರುಮಾಲ ನೋಡಿ ಕೈಕಟಗೊಂಡ ಕುಂತಾನ. ಬಳ್ಳಿ ಒಣಗಿ ಮಾಲಕರ ಕಡಿಂದ ಬೈಸಿಕೊಂಡಾನ, ಮುಟ್ಟಿಲ್ಲ. ಅವತ್ತ ಹಿಡೀಮ್ಯಾಲ ರುಮಾಲ ಇರಲಿಲ್ಲ. ಒಂದ ತಗಡಿನ ಬೋರ್ಡ ಇತ್ತ, ತಲಿಬುರುಡಿದು. ಅಂಥಾದ್ದ ಎಲ್ಲಾ ಕಂಬಕ್ಕೂ ಇರತೈತಿ. ರುಮಾಲ ಇಳದೈತಿ, ನಿಮ್ಮವರು ತಲಿಗೆ ಸುತಗೊಂಡ ಹೋಗ್ಯಾರ ಅಂತ ತಿಳದ ಹಿಡಿ ಎತ್ತಿದಾ. ಕೇಸ್ ಅಥಣಿ ಕೋರ್ಟಿನ್ಯಾಗ ಐತಿ. ಕೈ ಹೋತು, ಈಗ ಜೇಲಿಗೂ ಕಳಸ್ತಾರ. ರುಮಾಲ ಯಾರ ಬಿಚ್ಚಿದ್ರು ಅನ್ನೂದ ನಿಮ್ಮ ತಮ್ಮಗ ಗೊತ್ತೈತಿ, ಕೇಳ್ರಿ."

ಕೈ ಮುರಿಯಲು ಹೇಳಿದವಳು ನಾನೆಂದು ಅವಳಿಗೆ ಗೊತ್ತಿರಲಿಲ್ಲ. ಹೋಗುವಾಗ ನನ್ನ ಕಾಲು ಮುಟ್ಟಿದಳು. ಕಾಲು ಹಿಂದಕ್ಕೆ ಎಳೆದುಕೊಳ್ಳುವುದೂ ನನಗೆ ತೋಚಲಿಲ್ಲ.

ನಾನು ಕೇಳುತ್ತಿದ್ದೇನೆ. ರುಮಾಲು ಬಿಚ್ಚಿದವರು ಯಾರು?

ತಾರವ್ವ


ಪಾಲಬಾವಿ
೧೦ ಏಪ್ರಿಲ್ ೧೯೮೮

ಭೀಮಸಿಗೆ,

ಐವತ್ತು ದಿನವಾಯಿತು. ಟಪಾಲಿನವನು ಬಂದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತೇನೆ. ನಿನ್ನ ರಾವಸಾಹೇಬರ ಮನುಷ್ಯ ಬಂದು ಹೋದ. "ಕಾಡಸಿದ್ದನs ತಪ್ಪು ಅಂತ ಒಂದ ಸಹಿ ಹಾಕ್ರಿ ಅಕ್ಕಾರ, ಹಾಜರಿ ಪುಸ್ತಕದಾಗ ಹೆಸರ ಏರಸ್ತೀವಿ" ಎಂದ. ನಾನು ಏಳನೇ ಇಯತ್ತೆಯವರೆಗೆ ಶಾಲೆ ಕಲಿತವಳು, ಓದಿ ನೋಡಿ ಕಾಗದವನ್ನು ಅವನಿಗೇ ಹಿಂದಕ್ಕೆ ಕೊಟ್ಟೆ. ಸತ್ತ ಮೇಲೆ ಹಚ್ಚುವ ಹೆಸರು ನನ್ನ ಗಂಡನಿಗೆ ಬೇಕಾಗಿಲ್ಲ.

ಉತ್ತರ ಬರದಿದ್ದರೆ ಅದೇ ಉತ್ತರವೆಂದು ತಿಳಿಯುತ್ತೇನೆ.

ತಾರವ್ವ


ಕಾಗವಾಡ
೨ ಜೂನ್ ೧೯೮೮

ಅಕ್ಕಾ,

ನಾನೇ ಬಿಚ್ಚಿದೆ.

ಅವತ್ತು ಕಾರ್ಮಿಕ ಇಲಾಖೆಯ ಸಾಹೇಬರು ಬರುವವರಿದ್ದರು. ಎರಡು ದಿನ ಮೊದಲೇ ಸುದ್ದಿ ಬಂದಿತ್ತು. ರಾವಸಾಹೇಬರು ಸಾಂಗಲಿಯಿಂದ ಇನ್ನೊಬ್ಬ ಗುತ್ತಿಗೆದಾರನ ಸಾಮಾನು ಎರವಲು ತಂದರು. ಹದಿನಾಲ್ಕು ಹೆಲ್ಮೆಟ್ಟು, ರಬ್ಬರಿನ ಕೈಗವಸು, ತಂತಿಯಿಂದ ನೆಲಕ್ಕೆ ಇಳಿಬಿಡುವ ಸರಪಳಿ, ಎರಡು ದೊಡ್ಡ ಹಿತ್ತಾಳೆ ಬೀಗ. ಎಲ್ಲವನ್ನೂ ಶೆಡ್ಡಿನಲ್ಲಿ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಸಾಲಾಗಿ ಇಟ್ಟೆವು. ಬೀಗವೊಂದನ್ನು ಹಿಡಿಗೆ ಹಾಕಲೇ ಎಂದು ಕೇಳಿದೆ. ಕೇಳಿದ್ದು ನಿಜ ಅಕ್ಕಾ, ನಿನ್ನ ಮಾತು ನೆನಪಿತ್ತು. "ಅರೇ, ಕೆಸರ ಹತ್ತೀತು. ಸಾಹೇಬರಿಗೆ ಏನ್ ತೋರಸ್ಲಿ?" ಎಂದರು. ಆಮೇಲೆ, "ಮೊದಲ ಆ ಚಿಂದಿ ತಗೀ ಹೋಗು. ಇದೇನ್ ಗಾವಟಿ ಕೆಲಸಾ ಅಂತ ಸಾಹೇಬರು ಬರದ್ರ ಗುತ್ತಿಗಿ ಹೋಗತೈತಿ, ನಿನ್ನ ಮುಕಾದಮಕೀನೂ ಹೋಗತೈತಿ" ಎಂದು ಕಾಳವ್ವ ಹೇಳಿದ ಆ ತಲೆಬುರುಡೆಯ ಬೋರ್ಡು ಕೊಟ್ಟರು.

ಹೋದೆ. ಮಾವ ನಾಲ್ಕನೇ ಕಂಬದ ಮೇಲಿದ್ದ. ಕೂಗಿ ಹೇಳಬೇಕಿತ್ತು, ಅಷ್ಟು ದೂರ ನಡೆಯಲು ಬೇಸರವಾಯಿತು. ಹತ್ತು ಮಿನಿಟು, ಸಾಹೇಬರು ನೋಡಿ ಹೋದ ಕೂಡಲೇ ಮತ್ತೆ ಕಟ್ಟಿದರಾಯಿತು ಎಂದುಕೊಂಡೆ. ಬಿಚ್ಚಿದೆ. ಅಪ್ಪನ ರುಮಾಲು ನೆಲಕ್ಕೆ ಬೀಳಬಾರದೆಂದು ಎಂಟು ಮಡಿಕೆ ಮಾಡಿ ಬಗಲಚೀಲದಲ್ಲಿಟ್ಟೆ. ಬೋರ್ಡು ತೂಗುಹಾಕಿ ಶೆಡ್ಡಿಗೆ ಬಂದು ಸಾಹೇಬರಿಗೆ ಚಹಾ ಕೊಟ್ಟೆ. ಅವರು ಕಂಬದ ಕಡೆ ಬರಲೇ ಇಲ್ಲ. ಮೇಜು ನೋಡಿದರು, ಹಾಜರಿ ಪುಸ್ತಕ ತಿರುವಿದರು, ಚೆನ್ನಾಗಿದೆ ಎಂದು ಸಹಿ ಹಾಕಿ ಜೀಪು ಹತ್ತಿದರು. ಜೀಪಿನ ಧೂಳು ಇಳಿಯುವ ಮೊದಲೇ ಆ ಸದ್ದು ಕೇಳಿಸಿತು. ನನ್ನ ಕೈಯಲ್ಲಿ ಚಹಾದ ಕಿಟಲಿಯಿತ್ತು.

ಹಿಡಿಯ ಹತ್ತಿರ ಕಾಡಸಿದ್ದ ನಿಂತಿದ್ದ. "ರುಮಾಲ ಇರಲಿಲ್ಲಲ್ರಿ" ಎಂದ. ಟೋಳಿಯವರೆಲ್ಲ ಅವನ ಮೇಲೆ ಬಿದ್ದರು. ಬಿಚ್ಚಿದವನು ಅವನೇ ಎಂದು ಮಾಳಸಿದ್ದ ಕೂಗಿದ. ನಾನು ಅಲ್ಲ ಎನ್ನಲಿಲ್ಲ. ಒಂದು ಸಲ ಸುಮ್ಮನಿದ್ದೆ, ಆಮೇಲೆ ಅದನ್ನೇ ಮಾತಾಗಿ ಹೇಳಬೇಕಾಯಿತು. ನಿನ್ನ ಕಾಗದ ಬಂದಾಗ ಇನ್ನೇನು ಮಾಡಲಿ? ಹಾರೆ ಎತ್ತುವಾಗ ಅವನ ಕೈ ನನಗೆ ಕಾಣಲಿಲ್ಲ, ಅವನ ಬಾಯಿಯೊಂದೇ ಕಾಣುತ್ತಿತ್ತು. ಅವನು ಹೇಳಿಬಿಟ್ಟರೆ ಅದೇ ಹಾರೆ ನನ್ನ ತಲೆಗೆ ಬೀಳುತ್ತಿತ್ತು.

ಈಗ ಕೇಳು. ಕೈ ಮುರಿಯೆಂದು ನೀನು ಬರೆದ ಕಾಗದವನ್ನು ಒಲೆಗೆ ಹಾಕಿದ್ದೇನೆ. ಓದಿದಾಗ ಕೇಳಿದವರು ಟೋಳಿಯವರು, ಅವರು ಬಾಯಿ ಬಿಡುವುದಿಲ್ಲ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ನೀನೂ ಈ ಕಾಗದವನ್ನು ಸುಟ್ಟುಬಿಡು. ಕಾಡಸಿದ್ದನಿಗೆ ಹೇಗಿದ್ದರೂ ಕೈ ಹೋಗಿದೆ, ಒಂದೆರಡು ವರ್ಷ ಒಳಗಿದ್ದು ಬರುತ್ತಾನೆ. ನಮ್ಮಪ್ಪನಿಗೆ ಉಳಿದಿರುವುದು ನಾವಿಬ್ಬರೇ.

ಭೀಮಸಿ


ಪಾಲಬಾವಿ
೨೬ ಜೂನ್ ೧೯೮೮

ಭೀಮಸಿ,

ನಿನ್ನ ಕಾಗದ ಓದಿದ ದಿನ ಕುಡಗೋಲು ಹುಡುಕಿ ಸೆರಗಿನಲ್ಲಿ ಕಟ್ಟಿಕೊಂಡು ರಾಯಬಾಗದ ಸ್ಟೇಶನ್ನಿನವರೆಗೆ ಹೋಗಿದ್ದೆ. ಕಾಗವಾಡಕ್ಕೆ ಬಂದು ನಿನ್ನ ಕತ್ತಿಗೇ ಹಾಕಬೇಕೆಂದಿತ್ತು. ರೈಲು ಬಂತು, ಹೋಯಿತು, ನಾನು ಹತ್ತಲಿಲ್ಲ. ನಿನ್ನನ್ನು ಕಡಿದರೆ ಕಾಡಸಿದ್ದನ ಪರವಾಗಿ ಮಾತಾಡುವವರು ಯಾರೂ ಉಳಿಯುವುದಿಲ್ಲ, ಅದಕ್ಕೇ ತಿರುಗಿ ಬಂದೆ. ನಿನ್ನ ಮೇಲಿನ ಮಾಯೆಯಿಂದಲ್ಲ.

ನೀನು ಮಡಚಿದ ರುಮಾಲನ್ನು ನೋಡಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಬಟ್ಟೆಗೆ ತೋರಿಸಿದ ಮರ್ಯಾದೆಯ ಅರ್ಧದಷ್ಟನ್ನು ಮನುಷ್ಯನಿಗೆ ತೋರಿಸಿ ನಾಲ್ಕು ಕಂಬ ನಡೆದು ಕೂಗಿದ್ದರೆ ಅವರು ಇಳಿದು ಬರುತ್ತಿದ್ದರು.

ನಿನ್ನ ಕಾಗದಗಳನ್ನೆಲ್ಲ ಕಾಳವ್ವನ ಕೈಯಲ್ಲಿ ಅವರ ವಕೀಲರಿಗೆ ಕಳಿಸಿದ್ದೇನೆ. ನೀನು ಸುಟ್ಟ ನನ್ನ ಕಾಗದ ನನಗೆ ಬಾಯಿಪಾಠವಿತ್ತು. ಹಾಳೆ ತೆಗೆದುಕೊಂಡು ಒಂದು ಅಕ್ಷರ ಬಿಡದೆ ಮತ್ತೆ ಬರೆದೆ. ಬಳೆ ಚೂರು ಕಳಿಸುತ್ತೇನೆ ಎಂದದ್ದು, ಕಟ್ಟಲೂಬಾರದು ಎಂದದ್ದು, ಎಲ್ಲ. ಕೆಳಗೆ ಸಹಿ ಹಾಕಿ, ಅದನ್ನು ಕಾಳವ್ವನ ಎದುರಿಗೇ ಓದಿದೆ. ಅವಳು ಹಾಳೆಗೆ ಕೈ ಚಾಚಿ, "ಇದನೂ ವೈಯ್ಲೇನ್ರಿ?" ಎಂದಳು. ಒಯ್ಯಿ ಎಂದೆ. ಆಮೇಲೆ ನಾನು ಕೊಟ್ಟ ನೀರನ್ನು ಮುಟ್ಟದೆ ಹೋದಳು.

ನೀನು ಕೋರ್ಟಿಗೆ ಹೋಗಿ ನಿನ್ನ ಬಾಯಿಂದಲೇ ಹೇಳಬೇಕು. ಕಾಗದ ಓದಿಸಿಕೊಂಡು ತಲೆ ತಗ್ಗಿಸುವುದು ಬೇರೆ, ಎದ್ದು ಹೇಳುವುದು ಬೇರೆ. ನಾನು ಬರುವುದಿಲ್ಲ. ಬಂದರೆ ನಿನ್ನ ಮುಖ ನೋಡಿ ಮತ್ತೆ ಅಕ್ಕ ಆಗಿಬಿಡುತ್ತೇನೆ.

ಇದರ ಜೊತೆ ರುಮಾಲು ಕಳಿಸಿದ್ದೇನೆ. ಇಟ್ಟುಕೊಳ್ಳಲೆಂದಲ್ಲ. ಕಾಡಸಿದ್ದ ಈಗ ಬರಿದಲೆಯಲ್ಲೇ ತಿರುಗುತ್ತಾನೆ ಎಂದು ಕಾಳವ್ವ ಹೇಳಿದಳು, ಒಂದೇ ಕೈಯಿಂದ ರುಮಾಲು ಸುತ್ತಿಕೊಳ್ಳಲು ಬರುವುದಿಲ್ಲವಂತೆ. ಆ ಒಂಟಿ ಕೈ ನಾನು ಬೇಡಿಕೊಂಡು ಪಡೆದದ್ದು. ನೀನು ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲೆ, ಎಲ್ಲರ ಮುಂದೆ, ಇದನ್ನು ಅವನ ತಲೆಗೆ ಸುತ್ತು. ಅವನು ಬೇಡವೆಂದರೆ ಅವನ ಕಾಲ ಹತ್ತಿರ ಇಟ್ಟು ಬಾ.

ತಾರವ್ವ


ಸಬ್ ಜೈಲು, ಅಥಣಿ
೧೭ ಮಾರ್ಚ್ ೧೯೮೯

ಅಕ್ಕಾ,

ಈ ಎಂಟು ತಿಂಗಳು ನಿನಗೆ ಬರೆಯಲಿಲ್ಲ. ನಿನ್ನ ಕಾಗದ ಕಿಸೆಯಲ್ಲೂ ರುಮಾಲು ಬಗಲಚೀಲದಲ್ಲೂ ಇದ್ದವು. ಓಡಿಹೋಗಬೇಕೆಂದು ಮೂರು ಸಲ ಮಿರಜದ ಸ್ಟೇಶನ್ನಿಗೆ ಹೋಗಿ, ಮೂರು ಸಲವೂ ತಿರುಗಿ ಬಂದೆ. ಮೊನ್ನೆ ಮಂಗಳವಾರ ಕೋರ್ಟು ನನ್ನನ್ನು ಕರೆಯಿತು, ಅವತ್ತು ಸಂಜೆಯೇ ಪೊಲೀಸರು ಒಳಗೆ ಹಾಕಿದರು.

ಹೇಳಿದೆ. ಮೇಜಿನ ಮೇಲಿನ ಬೀಗ, ಹಾಜರಿ ಪುಸ್ತಕದ ಜಿನ್ನಪ್ಪ, ಚಹಾ, ಬೋರ್ಡು, ಹಾರೆ, ಒಂದೂ ಬಿಡಲಿಲ್ಲ. ಆ ಹಾಜರಿ ಪುಸ್ತಕವನ್ನು ತರಿಸಬೇಕೆಂದು ನ್ಯಾಯಾಧೀಶರು ಹೇಳಿದಾಗ ರಾವಸಾಹೇಬರು ಎದ್ದು ಹೊರಗೆ ಹೋದರು. ಇನ್ನು ಅವರ ಮೇಲೂ ಕೇಸು ನಡೆಯುತ್ತದೆ ಎನ್ನುತ್ತಾರೆ. ಆಮೇಲೆ ವಕೀಲರು ನಿನ್ನ ಕಾಗದ ಓದಿದರು. ನಿನಗೂ ಸಮನ್ಸ್ ಬರಬಹುದು. ಓದುವಾಗ ಕಾಡಸಿದ್ದ ಮೊಂಡುಗೈಯನ್ನು ಅಂಗಿಯೊಳಗೆ ಎಳೆದುಕೊಂಡ.

ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಮಾಳಸಿದ್ದ ನಿಂತಿದ್ದ. "ತಪ್ಪಿಲ್ಲದವನ ಕೈ ನನ್ನ ಮೊಣಕಾಲಿಲೆ ಹಿಡಿಸಿದೆಲ್ಲಲೇ ಮಗನ" ಎಂದವನೇ ನನ್ನನ್ನು ಕೆಡವಿದ. ಪೊಲೀಸರು ಬರುವಷ್ಟರಲ್ಲಿ ನನ್ನ ನಾಲ್ಕು ಹಲ್ಲು, ಒಂದು ಪಕ್ಕೆಲುಬು ಹೋಗಿದ್ದವು. ಅವನು ಕಲ್ಲೆತ್ತಿದ್ದ. ಕಾಡಸಿದ್ದ ಉಳಿದ ಕೈಯಿಂದ ಅವನ ರಟ್ಟೆ ಹಿಡಿದು, "ಸಾಕ ಬಿಡೋ, ಎಷ್ಟ ಮಂದಿ ಕೈಕಾಲ ಮುರೀತಿ" ಎಂದ. ಮಾಳಸಿದ್ದ ಕಲ್ಲು ಬಿಟ್ಟು ಅಲ್ಲೇ ಕೂತು ಅತ್ತ.

ನಾನು ಎದ್ದು ರುಮಾಲು ತೆಗೆದೆ. ಬಾಯಿಂದ ರಕ್ತ ಸೋರುತ್ತಿತ್ತು, ಬಟ್ಟೆಗೆ ಹತ್ತಬಾರದೆಂದು ಅಂಗಿಯಿಂದ ಒರೆಸಿಕೊಂಡೆ. ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತೆ. ಕಾಳವ್ವ ಮುಖ ಆ ಕಡೆ ತಿರುಗಿಸಿದಳು. ಕಾಡಸಿದ್ದ ಬಹಳ ಹೊತ್ತು ರುಮಾಲನ್ನೇ ನೋಡಿದ. ಎಂಟು ತಿಂಗಳು ಅದರ ಎದುರಿಗೇ ಕೂತಿದ್ದವನಲ್ಲವೇ, ಗುರುತು ಹಿಡಿದ. ಆಮೇಲೆ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಲೆ ಬಗ್ಗಿಸಿದ.

ಸುತ್ತಿದ್ದೇನೆ ಅಕ್ಕಾ. ಎರಡು ಸಲ ಜಾರಿತು. ಮೂರನೆಯ ಸಲ ಮತ್ತೆ ಬಿಚ್ಚಬಾರದೆಂದು ತುದಿಯನ್ನು ಜಗ್ಗಿ ಗಂಟು ಹಾಕಲು ಹೋದೆ. ಅವನು ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು ತಡೆದ.

"ಇಷ್ಟ ಬಿಗಿ ಬ್ಯಾಡೋ ಭೀಮಸಿ" ಎಂದ. "ಸಂಜಿಕ ನಾ ಒಂದs ಕೈಲೆ ಬಿಚಗೋಬೇಕ."

ಭೀಮಸಿ